ಹಗಲು ಎಷ್ಟು ಜನ? ರಾತ್ರಿ ಎಷ್ಟು ಜನ?

ಮಕ್ಕಳೇ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಧಾರವಾಡದ ಜುಬಿಲಿ ವೃತ್ತದಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಹುಬ್ಬಳ್ಳಿಗೆ ಹೊರಟ ಚಿಗರಿ ಬಸ್ಸಿನ ತುಂಬ ಜನ. ಹಾಗಾದರೆ ಹುಬ್ಬಳ್ಳಿಯಿಂದ ಬರುವ ಬಸ್ಸು ಖಾಲಿ ಇರಬೇಕಲ್ಲವೇ? ಇಲ್ಲ, ಅದರಿಂದಲೂ ಜನ ಇಳಿಯುತ್ತಾರೆ! ಇದೇಕೆ ಹೀಗೆ?

ಎರಡು ಊರು, ಹಂಚಿಹೋದ ಕೆಲಸ

ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವೆ ಸುಮಾರು 20 ಕಿಲೋಮೀಟರ್ ದೂರವಿದೆ. 1962ರಲ್ಲಿ ಎರಡಕ್ಕೂ ಸೇರಿ ಒಂದೇ ಪಾಲಿಕೆ ಮಾಡಲಾಯಿತು. ಆದರೆ ಕೆಲಸಗಳು ಹಂಚಿಹೋಗಿವೆ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ, ರೈಲ್ವೆ ಕಾರ್ಯಾಗಾರ, ದೊಡ್ಡ ಮಾರುಕಟ್ಟೆಗಳು ಹುಬ್ಬಳ್ಳಿಯಲ್ಲಿವೆ. ಜಿಲ್ಲಾಧಿಕಾರಿಗಳ ಕಚೇರಿ, ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ ಧಾರವಾಡದಲ್ಲಿವೆ. ಆದ್ದರಿಂದ ಜನ ಎರಡೂ ದಿಕ್ಕಿಗೆ ಓಡಾಡುತ್ತಾರೆ. ಇದಲ್ಲದೆ ಕುಂದಗೋಳ, ಕಲಘಟಗಿ, ನವಲಗುಂದದ ಕಡೆಯ ಹಳ್ಳಿಗಳಿಂದ ಹಾಲು, ತರಕಾರಿ ಮಾರುವವರು, ಗೌಂಡಿಗಳು, ಕಾಲೇಜು ವಿದ್ಯಾರ್ಥಿಗಳು ಬೆಳಿಗ್ಗೆ ಬಂದು ಸಂಜೆ ಮರಳುತ್ತಾರೆ.

ಇವರನ್ನು ಯಾವ ಊರಿನಲ್ಲಿ ಎಣಿಸಬೇಕು?

2011ರ ಜನಗಣತಿಯ ಪ್ರಕಾರ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9,43,788. ಜನಗಣತಿಯಲ್ಲಿ ಒಬ್ಬ ವ್ಯಕ್ತಿಯನ್ನು ಆತ ಸಾಮಾನ್ಯವಾಗಿ ವಾಸಿಸುವ ಮನೆಯಲ್ಲೇ ಎಣಿಸುತ್ತಾರೆ. ಮನೆಯಿಲ್ಲದವರನ್ನು ಆ ವರ್ಷ ಫೆಬ್ರವರಿ 28ರ ರಾತ್ರಿ ಅವರು ಮಲಗುವ ಜಾಗಕ್ಕೇ ಹೋಗಿ ಎಣಿಸಿದರು. ಹೀಗಾಗಿ ಹಳ್ಳಿಯಿಂದ ಬರುವ ಹಾಲಿನವರು ಹಗಲೆಲ್ಲ ಪೇಟೆಯಲ್ಲಿದ್ದರೂ ಅವರ ಲೆಕ್ಕ ಹಳ್ಳಿಯಲ್ಲೇ. ಊರಿನ ಫಲಕದ ಮೇಲಿರುವ ಜನಸಂಖ್ಯೆಯನ್ನು ‘ರಾತ್ರಿಯ ಜನಸಂಖ್ಯೆ’ ಎನ್ನಬಹುದು. ಹಗಲಿನದನ್ನು ತಿಳಿಯಲು ಈ ಸೂತ್ರ ಬಳಸಿ:

ಹಗಲಿನ ಜನಸಂಖ್ಯೆ = ರಾತ್ರಿಯ ಜನಸಂಖ್ಯೆ + ಒಳಗೆ ಬಂದವರು − ಹೊರಗೆ ಹೋದವರು

ಒಂದು ಲೆಕ್ಕ

ಅ ಮತ್ತು ಆ ಎಂಬ ಎರಡು ಊರುಗಳಿವೆ ಎನ್ನೋಣ. ಎರಡರಲ್ಲೂ ತಲಾ 1,000 ಜನ. ಬೆಳಿಗ್ಗೆ ಅ ಊರಿನಿಂದ ಆ ಊರಿಗೆ 300 ಜನ, ಆ ಊರಿನಿಂದ ಅ ಊರಿಗೆ 200 ಜನ ಹೋಗುತ್ತಾರೆ.

ಅ ಊರು: 1,000 + 200 − 300 = 900
ಆ ಊರು: 1,000 + 300 − 200 = 1,100

ಒಟ್ಟು ಜನ 2,000, ಅದು ಬದಲಾಗಲಿಲ್ಲ. ಪ್ರತಿ ಊರಿನಲ್ಲೂ ವ್ಯತ್ಯಾಸ ಕೇವಲ 100. ಆದರೆ ಬಸ್ಸು ಹತ್ತಿದವರು ಎಷ್ಟು? 500! ವ್ಯತ್ಯಾಸವನ್ನಷ್ಟೇ ನೋಡಿ ಬಸ್ಸು ಬಿಟ್ಟರೆ ಉಳಿದ 400 ಜನ ನಿಲ್ದಾಣದಲ್ಲೇ ನಿಲ್ಲಬೇಕಾಗುತ್ತದೆ. ಹುಬ್ಬಳ್ಳಿ-ಧಾರವಾಡದ ನಡುವೆ ಬಸ್ಸುಗಳಿಗಾಗಿಯೇ ಪ್ರತ್ಯೇಕ ಪಥ ಮಾಡಿ, 2018ರಲ್ಲಿ ಚಿಗರಿ ಬಸ್ಸುಗಳನ್ನು ಓಡಿಸಲು ಆರಂಭಿಸಿದ್ದು ಈ ಓಡಾಟಕ್ಕಾಗಿಯೇ. ಚಿಗರಿ ಎಂದರೆ ಕೃಷ್ಣಮೃಗ. ವೇಗವಾಗಿ ಓಡುವ ಪ್ರಾಣಿ.

ಲೆಕ್ಕ ತಪ್ಪಿದರೆ?

ಜಪಾನಿನ ಟೋಕಿಯೊದಲ್ಲಿ ಚಿಯೋಡಾ ಎಂಬ ಭಾಗವಿದೆ. 2015ರಲ್ಲಿ ಅಲ್ಲಿ ವಾಸಿಸುತ್ತಿದ್ದವರು ಸುಮಾರು 58 ಸಾವಿರ. ಹಗಲಿನಲ್ಲಿದ್ದವರು ಸುಮಾರು 8 ಲಕ್ಷ 53 ಸಾವಿರ! ವಾಸಿಸುವವರಿಗೆ ಸಾಕಾಗುವಷ್ಟೇ ನೀರು, ಶೌಚಾಲಯ ಒದಗಿಸಿದ್ದರೆ ಗತಿಯೇನು?

ನಮ್ಮಲ್ಲಿಯೂ ಅಷ್ಟೇ. ಸಂತೆಗೆ ಬಂದ ಅಜ್ಜಿಗೆ ಕುಡಿಯುವ ನೀರು ಬೇಕು. ದಿನವಿಡೀ ಪೇಟೆಯಲ್ಲಿ ಕೂತು ತರಕಾರಿ ಮಾರುವ ಹೆಂಗಸರಿಗೆ ಶೌಚಾಲಯ ಬೇಕು. ಕಾಲೇಜು ಮುಗಿಸಿದ ಹಳ್ಳಿಯ ಹುಡುಗಿಗೆ ಸಂಜೆಯ ಬಸ್ಸು ಬೇಕು. ಅದಿಲ್ಲದಿದ್ದರೆ ಅವಳ ಓದೇ ನಿಲ್ಲಬಹುದು. ಇವರ ಹೆಸರು ಆ ಊರಿನ ಗಣತಿಯಲ್ಲಿಲ್ಲ, ಆದರೆ ಇವರಿಲ್ಲದೆ ಆ ಊರಿನ ಹಗಲು ನಡೆಯುವುದಿಲ್ಲ.

ಮಾಡಿ ನೋಡಿ

ನಿಮ್ಮ ಓಣಿಯ ಹತ್ತು ಮನೆಗಳಲ್ಲಿ ಎರಡು ಪ್ರಶ್ನೆ ಕೇಳಿ: ನಿನ್ನೆ ರಾತ್ರಿ ಇಲ್ಲಿ ಎಷ್ಟು ಜನ ಮಲಗಿದ್ದರು? ಅವರಲ್ಲಿ ಹಗಲು ಹನ್ನೊಂದು ಗಂಟೆಗೆ ಊರ ಹೊರಗೆ ಹೋಗಿರುವವರು ಎಷ್ಟು? ಹೊರಗಿನಿಂದ ನಿಮ್ಮೂರಿಗೆ ಬರುವವರ ಪಟ್ಟಿಯನ್ನೂ ಮಾಡಿ. ಪೇಟೆಯಿಂದ ಬರುವ ನಿಮ್ಮ ಶಿಕ್ಷಕರನ್ನು ಸೇರಿಸಲು ಮರೆಯಬೇಡಿ!