ರವಿವಾರ ರಾತ್ರಿಯ ಊಟ

ಅವ್ವಾ, ನೀನು ನಾಶಿಕಕ್ಕೆ ಹೊರಟಿದ್ದೀಯ, ನಿನ್ನ ತಮ್ಮ ಛತ್ರಪತಿ ಸಂಭಾಜಿನಗರಕ್ಕೆ. ಇಬ್ಬರ ಹಾಸ್ಟೆಲಿನಲ್ಲೂ ಒಲೆ ಹಚ್ಚುವ ಹಾಗಿಲ್ಲ ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ನಿಮ್ಮವ್ವನಿಗೆ ನಿದ್ದೆ ಬರುತ್ತಿಲ್ಲವಂತೆ. ಈ ಎರಡೂ ಊರಿನ ಅನ್ನ ಉಂಡವಳು ನಾನು. ನಾಶಿಕದಲ್ಲಿ ಓದಿದೆ. ಸಂಭಾಜಿನಗರ ಇನ್ನೂ ಔರಂಗಾಬಾದ್ ಆಗಿದ್ದಾಗ ಅಲ್ಲಿಯ ಉಸ್ಮಾನ್‌ಪುರಾದಲ್ಲಿ ಇಪ್ಪತ್ತೆರಡು ವರ್ಷ ಖಾನಾವಳಿ ನಡೆಸಿದೆ. ಹೊತ್ತಿಗೆ ಅರವತ್ತು ತಾಟು. ಎಷ್ಟೋ ಮಕ್ಕಳು ನನ್ನ ಕಣ್ಣೆದುರೇ ಮೈ ತುಂಬಿಕೊಂಡರು, ಕೆಲವರು ಸೊರಗಿದರು. ಅದನ್ನು ನೋಡಿ ಕಲಿತದ್ದನ್ನು ನಿನಗೆ ಹೇಳದೆ ಇರಲಾರೆ.

ಮಕ್ಕಳು ಸೊರಗುವುದು ಮೆಸ್ಸಿನ ಊಟದಿಂದ ಅಂತ ಎಲ್ಲರೂ ತಿಳಿಯುತ್ತಾರೆ. ನಾನು ಕಂಡ ಹಾಗೆ, ಮೆಸ್ ಮುಚ್ಚಿದ ಹೊತ್ತಿನಲ್ಲೇ ಅವರು ಹೆಚ್ಚು ಸೊರಗುತ್ತಿದ್ದರು.

ಆ ಕಡೆಯ ಮೆಸ್ಸುಗಳ ಪದ್ಧತಿ ನಿನಗೆ ಬೇಗ ಗೊತ್ತಾಗುತ್ತದೆ. ರವಿವಾರ ಮಧ್ಯಾಹ್ನ ಫೀಸ್ಟ್: ಪೂರಿ, ಶ್ರೀಖಂಡ, ಮಸಾಲೆ ಭಾತ್. ರಾತ್ರಿ ಬಂದ್. ರೊಟ್ಟಿ ಬಡಿಯುವ ಹೆಂಗಸರಿಗೆ ವಾರದಲ್ಲಿ ಸಿಗುವ ಬಿಡುವು ಅದೊಂದೇ, ಅದನ್ನು ತಪ್ಪು ಅನ್ನಲಾಗದು. ಆದರೆ ಒಂದು ಗಂಟೆಗೆ ಹೊಟ್ಟೆ ಬಿರಿಯ ಉಂಡ ಮಕ್ಕಳು ಸಂಜೆಯವರೆಗೆ ಮಲಗುತ್ತಾರೆ, ರಾತ್ರಿ ಹತ್ತಕ್ಕೆ ಹಸಿವಾಗಿ ವಡಾಪಾವ್ ಹುಡುಕಿಕೊಂಡು ಹೋಗುತ್ತಾರೆ, ಇಲ್ಲವೇ ಚಹಾದಲ್ಲಿ ಖಾರಿ ಬಿಸ್ಕೀಟು ಅದ್ದಿ ತಿಂದು ಮಲಗುತ್ತಾರೆ. ಸೋಮವಾರ ಎದ್ದಾಗ ತಡವಾಗಿರುತ್ತದೆ, ನಾಷ್ಟಾಕ್ಕೆ ಹೊತ್ತಿರುವುದಿಲ್ಲ. ಲೆಕ್ಕ ಹಾಕು: ಆ ಊಟದಿಂದ ಸೋಮವಾರ ಹನ್ನೆರಡರ ಊಟಕ್ಕೆ ಇಪ್ಪತ್ಮೂರು ತಾಸು.

ನನ್ನ ಮೈಮೇಲೆ ಬಂದದ್ದನ್ನೇ ಹೇಳುತ್ತೇನೆ. ನಾಶಿಕದ ಕಾಲೇಜ್ ರೋಡ್ ಹತ್ತಿರ ಮೂರು ಹುಡುಗಿಯರು ಒಂದು ಖೋಲಿಯಲ್ಲಿದ್ದೆವು. ಮೆಸ್ಸಿನಲ್ಲಿ ‘ಖಾಡಾ’ ಅಂತ ಇರುತ್ತದೆ. ಮೊದಲೇ ಹೇಳಿ ಊಟ ಬಿಟ್ಟರೆ ಆ ದಿನದ ದುಡ್ಡು ಕಡಿಮೆ ಮಾಡುತ್ತಾರೆ. ಅಪ್ಪನ ಮೇಲೆ ಭಾರ ಹಾಕಬಾರದು ಅಂತ ನಾನು ಊರಿಗೆ ಹೋಗದಿದ್ದರೂ ಖಾಡಾ ಬರೆಸುತ್ತಿದ್ದೆ. ರವಿವಾರ ರಾತ್ರಿ ಹೇಗೂ ಚಹಾ-ಖಾರಿ. ಎರಡನೇ ವರ್ಷದ ಕೊನೆಗೆ ಒಂದು ದಿನ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂತು, ಗೋಡೆ ಹಿಡಿದು ಕೂತುಬಿಟ್ಟೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಎಂಟು. ಡಾಕ್ಟರು ಕಬ್ಬಿಣದ ಗುಳಿಗೆ ಬರೆದುಕೊಟ್ಟರು. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ನಿನ್ನೆ ರಾತ್ರಿ ಏನು ಉಂಡೆ?’ ಅಂದು ಸೋಮವಾರವಾಗಿತ್ತು.

ಇದು ನನ್ನೊಬ್ಬಳ ಕಥೆ ಅಂತ ತಿಳಿಯಬೇಡ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಜನಕ್ಕೆ ರಕ್ತಹೀನತೆ ಇತ್ತು. ದಿನಕ್ಕೆ ಗಂಡಸಿಗೆ 19 ಮಿಲಿಗ್ರಾಂ ಕಬ್ಬಿಣಾಂಶ ಸಾಕು, ಹೆಂಗಸಿಗೆ 29 ಬೇಕು ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ತಮ್ಮನಿಗಿಂತ ಕಡಿಮೆ ಉಣ್ಣುವ ನಿನಗೆ ಅವನಿಗಿಂತ ಹೆಚ್ಚು ಬೇಕು. ಇದನ್ನು ಯಾವ ಮೆಸ್ಸಿನವಳೂ ಲೆಕ್ಕ ಹಾಕಿ ಬಡಿಸುವುದಿಲ್ಲ, ನಾನೂ ಬಡಿಸಲಿಲ್ಲ. ನೀನೇ ನೋಡಿಕೊಳ್ಳಬೇಕು. ಊಟದ ಜೊತೆ ಚಹಾ ಕುಡಿಯಬೇಡ, ಒಂದು ತಾಸು ಬಿಟ್ಟು ಕುಡಿ. ಚಹಾದ ಒಗರು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಕಾಳು, ಸೊಪ್ಪು ತಾಟಿಗೆ ಬಂದಾಗ ಅರ್ಧ ಲಿಂಬೆಹಣ್ಣು ಹಿಂಡಿಕೋ, ಅದು ಹತ್ತಿಸುತ್ತದೆ.

ಈಗ ಡಬ್ಬಿಗಳ ಮಾತು. ನಿಮ್ಮವ್ವ ಚಕ್ಕುಲಿ, ಉಂಡಿ ಕಟ್ಟುತ್ತಾಳೆ, ಕಟ್ಟಲಿ. ಆದರೆ ದೊಡ್ಡ ಡಬ್ಬಿಯಲ್ಲಿ ಖಡಕ್ ರೊಟ್ಟಿ ತುಂಬಿಸಿಕೋ. ಒಲೆ ಇಲ್ಲದ ಕೋಣೆಗೆ ಇದಕ್ಕಿಂತ ಒಳ್ಳೆಯ ಊಟ ನಾನು ಕಂಡಿಲ್ಲ. ತೇವ ತಾಗದಿದ್ದರೆ ತಿಂಗಳು ಇಟ್ಟರೂ ಕೆಡದು, ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಜೊತೆಗೆ ಮೂರು ಚಟ್ನಿಪುಡಿ: ಶೇಂಗಾ, ಅಗಸಿ, ಗುರೆಳ್ಳು. ಒಂದು ಡಬ್ಬಿ ಪುಟಾಣಿ, ಒಂದು ಅಚ್ಚು ಬೆಲ್ಲ, ಒಂದು ಸೇರು ಹೆಸರುಕಾಳು. ಬಟ್ಟೆಯ ಟ್ರಂಕು ಬೇಕಾದರೆ ಸಣ್ಣದಿರಲಿ.

ಹೆಸರುಕಾಳನ್ನು ಏನು ಮಾಡಬೇಕು ಅಂತ ಹೇಳುತ್ತೇನೆ, ನಿನ್ನ ತಮ್ಮನಿಗೂ ತೋರಿಸು. ಶುಕ್ರವಾರ ರಾತ್ರಿ ಒಂದು ಹಿಡಿ ಕಾಳು ಲೋಟದಲ್ಲಿ ನೆನೆಹಾಕು. ಶನಿವಾರ ಬೆಳಿಗ್ಗೆ ನೀರು ಬಸಿದು, ಒಗೆದ ಹತ್ತಿ ಕರವಸ್ತ್ರದಲ್ಲಿ ಗಂಟು ಕಟ್ಟಿ ಕಿಟಕಿಯ ಸರಳಿಗೆ ತೂಗುಹಾಕು. ಬಿಸಿಲು ಬೀಳದ ಕಡೆ ಇರಲಿ. ಬಟ್ಟೆ ಒಣಗಿದಾಗಲೆಲ್ಲ ನೀರು ಚಿಮುಕಿಸು. ರವಿವಾರ ಸಂಜೆ ಗಂಟು ಬಿಚ್ಚಿದರೆ ಬಿಳಿ ಬಾಲಗಳು ಬಟ್ಟೆಯ ಎಳೆಯೊಳಗೇ ಸಿಕ್ಕಿಕೊಂಡಿರುತ್ತವೆ, ಮೆಲ್ಲಗೆ ಬಿಡಿಸಿಕೋಬೇಕು. ನಾಶಿಕದ ಡಿಸೆಂಬರ್ ಚಳಿಗೆ ಇನ್ನೊಂದು ದಿನ ಹಿಡಿಯುತ್ತದೆ. ಸಂಭಾಜಿನಗರದ ಏಪ್ರಿಲ್ ಸೆಕೆಗೆ ಬೇಗ ವಾಸನೆ ಹಿಡಿಯುತ್ತದೆ, ಲೋಳೆಯಾಗಿದ್ದರೆ ಚೆಲ್ಲಿಬಿಡು, ಮರುಗಬೇಡ. ಹಸಿಯಾಗಿ ತಿನ್ನಬೇಡ. ಕ್ಯಾಂಟೀನಿನಿಂದ ಕುದಿಯುವ ನೀರು ಒಂದು ಚೊಂಬು ಕೇಳಿ ತಂದು ಕಾಳಿನ ಮೇಲೆ ಸುರಿದು ಹತ್ತು ನಿಮಿಷ ಮುಚ್ಚಿಡು, ಹೊಟ್ಟೆ ಕೆಡುವ ಭಯ ಕಡಿಮೆಯಾಗುತ್ತದೆ. ಆಮೇಲೆ ಬಸಿದು ಉಳ್ಳಾಗಡ್ಡಿ, ಉಪ್ಪು, ಲಿಂಬೆ, ಶೇಂಗಾ ಚಟ್ನಿ ಕಲಸಿಕೋ. ರೊಟ್ಟಿ ಮುರಿದು, ಪಕ್ಕದಲ್ಲಿ ಮೊಸರು ಇಟ್ಟುಕೊಂಡು ಕೂತು ಉಣ್ಣು. ಮೂರು ಗೆಳತಿಯರು ಸೇರಿದರೆ ಒಬ್ಬಳು ಕಾಳು, ಒಬ್ಬಳು ಮೊಸರು, ಒಬ್ಬಳು ಹಣ್ಣು. ಕದ್ದು ಕರೆಂಟಿನ ಕಾಯಿಲ್ ಮಾತ್ರ ಇಡಬೇಡ. ಹಾಸ್ಟೆಲಿನ ವೈರು ಅದರ ಭಾರ ತಡೆಯದು, ಒಬ್ಬಳ ಆಸೆಗೆ ಇಡೀ ಮಾಳಿಗೆಗೆ ಅಪಾಯ.

ಅಲ್ಲಿಯ ಊಟ ಒಗ್ಗುವುದಿಲ್ಲ ಅಂತ ಹೆದರಿದ್ದೀಯಂತೆ. ಭಾಲ್ಕಿಯವಳಿಗೆ ಆ ಹೆದರಿಕೆ ಬೇಡ. ನಮ್ಮ ಜೋಳದ ರೊಟ್ಟಿ ಅವರ ಭಾಕರಿ, ನಮ್ಮ ಮಡಕಿ ಕಾಳು ಅವರ ಮಟಕಿ, ನಮ್ಮ ಝುಣಕ ಅವರಿಗೂ ಝುಣಕಾ, ಖಾನಾವಳಿ ಅಲ್ಲಿ ಖಾನಾವಳ. ಕವಿರಾಜಮಾರ್ಗ ಕನ್ನಡನಾಡಿನ ಎಲ್ಲೆಯನ್ನು ಗೋದಾವರಿಯವರೆಗೆ ಹೇಳಿದ್ದು ನಿನಗೆ ಶಾಲೆಯಲ್ಲಿ ಕಲಿಸಿರಬೇಕು. ಆ ನದಿ ನಾಶಿಕದ ಹತ್ತಿರ ತ್ರ್ಯಂಬಕೇಶ್ವರದಲ್ಲಿ ಹುಟ್ಟಿ ಪೈಠಣದ ಜಾಯಕವಾಡಿ ಅಣೆಕಟ್ಟೆಯಲ್ಲಿ ನಿಂತು ಸಂಭಾಜಿನಗರಕ್ಕೆ ಕುಡಿಯುವ ನೀರಾಗುತ್ತದೆ. ನೀನು ಹೋಗುತ್ತಿರುವುದು ಪರರ ಅಡುಗೆಮನೆಗಲ್ಲ ತಾಯಿ.

ನೀರಿನ ಮಾತು ಬಂತು. ಸಂಭಾಜಿನಗರದಲ್ಲಿ ನಲ್ಲಿಗೆ ನೀರು ದಿನವೂ ಬರುವುದಿಲ್ಲ, ಟಾಕಿಯಲ್ಲಿ ದಿನಗಟ್ಟಲೆ ನಿಂತಿರುತ್ತದೆ. ಫಿಲ್ಟರ್ ನೀರು ಬಿಟ್ಟು ಬೇರೆ ಕುಡಿಯಬೇಡ ಅಂತ ತಮ್ಮನಿಗೆ ಒತ್ತಿ ಹೇಳು. ಕಾಮಾಲೆಯಾಗಿ ಒಂದು ಸೆಮಿಸ್ಟರ್ ಕಳೆದುಕೊಂಡವರನ್ನು ನನ್ನ ಮೆಸ್ಸಿನಲ್ಲೇ ನೋಡಿದ್ದೇನೆ.

ಅವನಿಗೆ ಇನ್ನೊಂದು ಮಾತು. ಜಿಮ್ಮಿಗೆ ಸೇರಿ ಪ್ರೋಟೀನ್ ಪುಡಿಯ ಡಬ್ಬಿ ಕೊಳ್ಳುತ್ತಾನಂತೆ. ಅರವತ್ತು ಕಿಲೋ ತೂಕದವನಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ಮೆಸ್ಸಿನ ಆರು ಚಪಾತಿ, ಎರಡು ಬಟ್ಟಲು ಬೇಳೆಯಲ್ಲಿ ಮೂವತ್ತು ಸಿಗುತ್ತದೆ. ಎರಡು ಬೇಯಿಸಿದ ಮೊಟ್ಟೆಯಲ್ಲಿ ಹನ್ನೆರಡು, ಒಂದು ಹಿಡಿ ಶೇಂಗಾದಲ್ಲಿ ಏಳು. ಲೆಕ್ಕ ಹತ್ತಿರ ಬಂತಲ್ಲ. ಮೊಟ್ಟೆ ತಿನ್ನದಿದ್ದರೆ ಒಂದು ಹಿಡಿ ಪುಟಾಣಿ, ಒಂದು ಲೋಟ ಹಾಲು.

ಮೆಸ್ ಹುಡುಕುವಾಗ ಮೊದಲ ದಿನವೇ ತಿಂಗಳ ದುಡ್ಡು ಕೊಡಬೇಡ, ಎರಡು ದಿನ ಉಂಡು ನೋಡು. ಹನ್ನೆರಡಕ್ಕೆ ಹೋಗಬೇಡ, ಒಂದೂವರೆಗೆ ಹೋಗು. ಆ ಹೊತ್ತಿಗೆ ಬೇಳೆಯ ವರಣಕ್ಕೆ ನೀರು ಸುರಿದಿದ್ದಾರೋ ಇಲ್ಲವೋ ತಿಳಿಯುತ್ತದೆ. ವಾರದಲ್ಲಿ ಎಷ್ಟು ದಿನ ಮೊಳಕೆ ಕಾಳಿನ ಉಸಳ ಮಾಡುತ್ತಾರೆ ಕೇಳು. ಕಾಳು ನೆನೆಸಿ ಮೊಳಕೆ ಕಟ್ಟುವ ಮನೆ ಊಟದ ಮೇಲೆ ಕಾಳಜಿ ಇರುವ ಮನೆ. ಬಟಾಟಿ ಯಾಕೆ ಅಷ್ಟು ಬರುತ್ತದೆ ಗೊತ್ತೇ? ಅರವತ್ತು ಜನಕ್ಕೆ ಮೆಂತ್ಯೆಸೊಪ್ಪು ಆರಿಸಲು ಇಬ್ಬರು ಹೆಂಗಸರಿಗೆ ಒಂದೂವರೆ ತಾಸು ಬೇಕು, ಬಟಾಟಿಗೆ ಇಪ್ಪತ್ತು ನಿಮಿಷ. ‘ಕಾಕು, ನಾವು ಸೊಪ್ಪು ಆರಿಸಿಕೊಡುತ್ತೇವೆ’ ಅಂತ ನಾಲ್ಕು ಹುಡುಗಿಯರು ಒಂದು ಸಂಜೆ ನನ್ನ ಹೊಸ್ತಿಲಲ್ಲಿ ಬಂದು ಕೂತರು. ಅಂದಿನಿಂದ ವಾರಕ್ಕೆ ಎರಡು ದಿನ ಸೊಪ್ಪು ಮಾಡಿದೆ. ಬಾಯಿಬಿಟ್ಟು ಕೇಳಿದವರಿಗೆ ನಾನು ಇಲ್ಲ ಅಂದದ್ದು ನೆನಪಿಲ್ಲ.

ನಾಶಿಕದಲ್ಲಿ ಮಿಸಳ ತಿನ್ನದೆ ಇರಲಾರೆ, ತಿನ್ನು. ಅದರ ತಳದಲ್ಲಿರುವುದು ಮೊಳಕೆ ಕಟ್ಟಿದ ಮಟಕಿಯೇ. ಎಣ್ಣೆಯ ತರ್ರಿ ಕಡಿಮೆ ಹಾಕಿಸಿಕೋ, ಮೊಸರು ಕೇಳು, ಎರಡನೇ ಜೋಡಿ ಪಾವ್ ಬೇಡ ಅನ್ನು. ಜನವರಿಯಿಂದ ದ್ರಾಕ್ಷಿ ಅಗ್ಗ, ಔಷಧ ಹೊಡೆದಿರುತ್ತಾರೆ, ಚೆನ್ನಾಗಿ ತೊಳೆ. ತಮ್ಮನಿಗೆ ಜಾಲನಾದ ಮೋಸಂಬಿ ಸಿಗುತ್ತದೆ, ರಸ ಮಾಡಿಸದೆ ಬಿಡಿಸಿ ತಿನ್ನಲಿ.

ನಿಮ್ಮ ಮುತ್ತಜ್ಜ, ಅಂದರೆ ನನ್ನ ಅಜ್ಜ, ನಿಜಾಮರ ಕಾಲದಲ್ಲಿ ವಾರಾನ್ನ ಉಂಡು ಓದಿದವನು. ಆರು ದಿನಕ್ಕೆ ಆರು ಮನೆ ಸಿಕ್ಕಿದ್ದವು, ಏಳನೆಯದು ಸಿಗಲಿಲ್ಲ. ಆ ಒಂದು ದಿನಕ್ಕೆಂದು ಅವನ ಅವ್ವ ಊರಿನಿಂದ ಪುಟಾಣಿ, ಬೆಲ್ಲ, ರೊಟ್ಟಿ ಕಟ್ಟಿ ಕಳಿಸುತ್ತಿದ್ದಳು. ಗಂಟು ಬರುವುದು ತಡವಾದರೂ ಉಪವಾಸ ಬೀಳಬಾರದು ಅಂತ ಅವನು ರೊಟ್ಟಿ ಎಣಿಸಿ ಇಡುತ್ತಿದ್ದನಂತೆ. ನನ್ನ ಹಿಮೋಗ್ಲೋಬಿನ್ ಎಂಟಕ್ಕೆ ಇಳಿದ ವರ್ಷ ಇದನ್ನು ಹೇಳಿ ಅಜ್ಜ ಅತ್ತುಬಿಟ್ಟ.

ಭಾಲ್ಕಿ ಸ್ಟೇಷನ್ನಿನಲ್ಲಿ ರೊಟ್ಟಿ ಡಬ್ಬಿಯನ್ನು ಮೇಲಿನ ಬರ್ತಿನಲ್ಲಿಡು, ಕಾಲಡಿ ಇಟ್ಟರೆ ರೊಟ್ಟಿಗಳು ಪುಡಿಯಾಗುತ್ತವೆ. ಮನಮಾಡದಲ್ಲಿ ಇಳಿದು ಗಾಡಿ ಬದಲಿಸುವಾಗ ಮೊದಲು ಅದನ್ನೇ ಎತ್ತಿಕೋ. ಅಲ್ಲಿ ಮುಟ್ಟಿದ ಮೊದಲ ರವಿವಾರ ರಾತ್ರಿ ಎಂಟು ಗಂಟೆಗೆ ನಿನಗೆ ಫೋನ್ ಮಾಡುತ್ತೇನೆ, ಎಂಟೂಕಾಲಿಗೆ ತಮ್ಮನಿಗೆ. ತಾಟಿನಲ್ಲಿ ಏನಿದೆ ಅಂತ ಕೇಳುತ್ತೇನೆ.