ಕಾರಿನ ಗ್ಲಾಸು ಏಕೆ ಏರಲಿಲ್ಲ?

ಹೋದ ಮಳೆಗಾಲದಲ್ಲಿ ನಮ್ಮ ಚಿಕ್ಕಪ್ಪನ ಬಾಡಿಗೆ ಕಾರಿನ ಎಡಗಡೆ ಮುಂಬಾಗಿಲಿನ ಗ್ಲಾಸು ಅರ್ಧಕ್ಕೆ ಇಳಿದು ಅಲ್ಲೇ ನಿಂತುಬಿಟ್ಟಿತು. ಸ್ವಿಚ್ ಒತ್ತಿದರೆ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಕಾರು ಇಪ್ಪತ್ತು ವರ್ಷಕ್ಕಿಂತ ಹಳೆಯದು. ನಮ್ಮ ಮಲೆನಾಡಿನ ಮಳೆ ನಿಮಗೆ ಗೊತ್ತೇ ಇದೆ. ಪ್ಲಾಸ್ಟಿಕ್ ಹಾಳೆ ಅಂಟಿಸಿದರೂ ಸೀಟು ನೆನೆದು ಮುಗ್ಗಲು ವಾಸನೆ ಹಿಡಿಯಿತು, ಎರಡು ಬಾಡಿಗೆ ಕೈತಪ್ಪಿದವು. ಹತ್ತನೇ ತರಗತಿಯ ವಿದ್ಯುತ್ ಪಾಠ ಆಗಷ್ಟೇ ಮುಗಿದಿತ್ತು. "ನಾನು ನೋಡ್ತೀನಿ ಚಿಕ್ಕಪ್ಪ" ಎಂದು ಧೈರ್ಯವಾಗಿ ಹೇಳಿದೆ. ಆ ಧೈರ್ಯದಿಂದ ಏನಾಯಿತು ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಾಗಿಲಿನ ಒಳಗೆ ಏನಿದೆ ನೋಡೋಣ. ಒಳಗಡೆಯ ಡೋರ್ ಪ್ಯಾಡ್ ತೆಗೆದರೆ ಒಂದು ಪ್ಲಾಸ್ಟಿಕ್ ಹಾಳೆ, ಅದರ ಹಿಂದೆ ಒಂದು ಸಣ್ಣ ಮೋಟರು ಮತ್ತು ಗ್ಲಾಸನ್ನು ಎತ್ತಿ ಇಳಿಸುವ ಸಲಕರಣೆ. ಗ್ಯಾರೇಜಿನಲ್ಲಿ ಅದನ್ನು ಮಷಿನ್ ಅಂತಲೇ ಕರೆಯುತ್ತಾರೆ. ಕೆಲವು ಕಾರುಗಳಲ್ಲಿ ಅದು ಕತ್ತರಿಯಂತೆ ತೆರೆದು ಮುಚ್ಚುವ ಕಬ್ಬಿಣದ ಪಟ್ಟಿ, ಕೆಲವದರಲ್ಲಿ ಬಾವಿಯ ರಾಟೆಯ ಹಗ್ಗದಂತೆ ಸುತ್ತುವ ಉಕ್ಕಿನ ಕೇಬಲ್. ಮೋಟರಿನ ತುದಿಯಲ್ಲಿ ತಿರುಪಿನಂಥ ಹಲ್ಲು ಇದೆ. ಆ ತಿರುಪು ಚಕ್ರವನ್ನು ತಿರುಗಿಸಬಲ್ಲದು, ಆದರೆ ಚಕ್ರವು ತಿರುಪನ್ನು ತಿರುಗಿಸಲಾರದು. ಆದ್ದರಿಂದಲೇ ಗ್ಲಾಸು ತನ್ನ ಭಾರಕ್ಕೆ ತಾನೇ ಕೆಳಗೆ ಬೀಳುವುದಿಲ್ಲ, ನಾವು ಕೈಯಿಂದ ಒತ್ತಿದರೂ ಇಳಿಯುವುದಿಲ್ಲ.

ಒಂದೇ ಮೋಟರು ಮೇಲಕ್ಕೂ ಕೆಳಕ್ಕೂ ಹೇಗೆ ಎಳೆಯುತ್ತದೆ? ಫ್ಲೆಮಿಂಗನ ಎಡಗೈ ನಿಯಮ ನೆನಪಿಸಿಕೊಳ್ಳಿ. ಮಧ್ಯದ ಬೆರಳು (ವಿದ್ಯುತ್ ಪ್ರವಾಹ) ದಿಕ್ಕು ಬದಲಿಸಿದರೆ ಹೆಬ್ಬೆರಳೂ (ಬಲ) ದಿಕ್ಕು ಬದಲಿಸುತ್ತದೆ. ಮೋಟರಿಗೆ ಎರಡು ವೈರು. ನಮ್ಮ ಕಾರಿನಲ್ಲಿ ಸ್ವಿಚ್ ಮುಟ್ಟದೇ ಇರುವಾಗ ಎರಡೂ ವೈರು ಅರ್ತ್‌ಗೆ, ಅಂದರೆ ಬಾಡಿಗೆ ಸೇರಿರುತ್ತವೆ. ಮೇಲಕ್ಕೆ ಒತ್ತಿದರೆ ಒಂದು ವೈರಿಗೆ ೧೨ ವೋಲ್ಟ್ ಬರುತ್ತದೆ, ಕೆಳಕ್ಕೆ ಒತ್ತಿದರೆ ಇನ್ನೊಂದಕ್ಕೆ. ಇಷ್ಟೇ ಗುಟ್ಟು. ಪರೀಕ್ಷೆಗೆ ಬಾಯಿಪಾಠ ಮಾಡಿದ ನಿಯಮ ಕಾರಿನ ಬಾಗಿಲೊಳಗೆ ಕೂತಿದೆ ಎಂದು ಗೊತ್ತಾದಾಗ ನನಗೆ ಬಹಳ ಖುಷಿಯಾಯಿತು.

ದೋಷ ಹುಡುಕಲು ನಾನು ಬ್ಯಾಟರಿ ಕಡೆಯಿಂದ ಹೊರಟೆ. ಮೊದಲು ಫ್ಯೂಸ್. ಸರಿಯಿತ್ತು. (ಫ್ಯೂಸ್ ಸುಟ್ಟಿದ್ದರೆ ಅದೇ ಆಂಪಿಯರಿನದು ಹಾಕಬೇಕು. ಕೆಲವರು ತಂತಿ ಸುತ್ತಿ ಹಾಕುತ್ತಾರೆ. ಆಗ ಫ್ಯೂಸಿನ ಬದಲು ಬಾಗಿಲಿನ ವೈರೇ ಸುಡುತ್ತದೆ, ಕಾರಿಗೇ ಬೆಂಕಿ ಹತ್ತಬಹುದು.) ಆಮೇಲೆ ಸ್ವಿಚ್. ಎಡಗಡೆ ಬಾಗಿಲಿಗೆ ಎರಡು ಸ್ವಿಚ್, ಒಂದು ಆ ಬಾಗಿಲಲ್ಲೇ, ಇನ್ನೊಂದು ಡ್ರೈವರ್ ಬಳಿ. ನಮ್ಮ ಕಾರಿನಲ್ಲಿ ಎಡಗಡೆ ಸ್ವಿಚ್ಚಿನ ಅರ್ತ್ ಡ್ರೈವರ್ ಸ್ವಿಚ್ಚಿನ ಮೂಲಕವೇ ಹೋಗುತ್ತದೆ. ಆದ್ದರಿಂದ ಡ್ರೈವರ್ ಸ್ವಿಚ್ಚಿನೊಳಗೆ ಕಾರ್ಬನ್ ಕಟ್ಟಿದ್ದರೂ ಎಡಗಡೆ ಗ್ಲಾಸು ಓಡುವುದಿಲ್ಲ. ಎರಡನ್ನೂ ಬಿಚ್ಚಿ ನುಣುಪು ಉಪ್ಪುಕಾಗದದಿಂದ ಮೆತ್ತಗೆ ಉಜ್ಜಿದೆ. ಏನೂ ಆಗಲಿಲ್ಲ.

ಕೊನೆಗೆ ಮೋಟರಿನ ಪ್ಲಗ್ ಕಿತ್ತು, ಅದರ ಎರಡು ಪಿನ್‌ಗಳಿಗೆ ೫ ವ್ಯಾಟಿನ ಬಲ್ಬ್ ಹಚ್ಚಿ ಸ್ವಿಚ್ ಒತ್ತಿದೆ. ಬಲ್ಬ್ ಝಗ್ಗನೆ ಉರಿಯಿತು! ಮೇಲಕ್ಕೆ ಒತ್ತಿದರೂ ಉರಿಯಿತು, ಕೆಳಕ್ಕೆ ಒತ್ತಿದರೂ ಉರಿಯಿತು. ಕರೆಂಟು ಮೋಟರಿನವರೆಗೆ ಬರುತ್ತಿದೆ, ಮೋಟರು ತಿರುಗುತ್ತಿಲ್ಲ. ಹಾಗಾದರೆ ಮೋಟರೇ ಕೆಟ್ಟಿದೆ, ಅಲ್ಲವೇ?

"ಮೋಟರ್ರೇ ಹೋಗಿದೆ ಚಿಕ್ಕಪ್ಪ" ಅಂದೆ.

ಚಿಕ್ಕಪ್ಪ ನನ್ನ ಮಾತು ನಂಬಿದರು. ಮಾರನೇ ದಿನ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಗುಜರಿಯಿಂದ ಅದೇ ಕಾರಿನ ಮೋಟರು ತಂದರು. ಗುಜರಿಯವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಜೋಡಿಸಿದೆವು. ಸ್ವಿಚ್ ಒತ್ತಿದೆವು. ಗ್ಲಾಸು ಅಲ್ಲಾಡಲಿಲ್ಲ. ಚಿಕ್ಕಪ್ಪ ಬೈಯಲಿಲ್ಲ. "ಇರ್ಲಿ ಬಿಡೋ" ಅಂದು ಒಳಗೆ ಹೋದರು. ಬೈದಿದ್ದರೇ ಚೆನ್ನಾಗಿತ್ತು. ಅದು ಎರಡು ಬಾಡಿಗೆಯ ದುಡ್ಡು.

ಸಂಜೆ ಪೇಟೆಯಲ್ಲಿ ಕಾರುಗಳ ವೈರಿಂಗ್ ಮಾಡುವ ಸಾಹೇಬರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ನಕ್ಕರು. "ಬಲ್ಬಿಗೆ ಒಂದು ಲೋಟ ನೀರು ಸಾಕು ಮರಿ, ಮೋಟರಿಗೆ ಕೊಡಗಟ್ಟಲೆ ಬೇಕು. ಪ್ಲಗ್ ಹಾಕಿದ ಹಾಗೇ ಚೆಕ್ ಮಾಡು. ಬಾಗಿಲು ತೆಗೆದು ಹಾಕೋ ಜಾಗದಲ್ಲಿ ರಬ್ಬರ್ ಕೊಳವೆ ಇದೆಯಲ್ಲ, ಅದನ್ನ ಹಿಡಿದು ಅಲ್ಲಾಡಿಸು."

ಮನೆಗೆ ಬಂದು, ಮೋಟರಿನ ಪ್ಲಗ್ ಹಾಕಿ, ಅದರ ಹಿಂಬದಿಯ ಪಿನ್‌ಗಳಿಗೆ ಬಲ್ಬ್ ಹಿಡಿದು ಸ್ವಿಚ್ ಒತ್ತಿದೆ. ಅದೇ ಬಲ್ಬ್ ಈಗ ಕೆಂಪಗೆ, ಆರಿಹೋಗುವ ಕೆಂಡದ ಹಾಗೆ! ಅಣ್ಣ ಸ್ವಿಚ್ ಒತ್ತಿಕೊಂಡಿದ್ದ, ನಾನು ರಬ್ಬರ್ ಕೊಳವೆ ಬಗ್ಗಿಸಿದೆ. ಗ್ಲಾಸು ಗಕ್ಕನೆ ಒಂದು ಗೇಣು ಮೇಲೆ ಹಾರಿ ನಿಂತಿತು.

ಕೊಳವೆ ಬಿಚ್ಚಿ ನೋಡಿದರೆ ಒಂದು ವೈರಿನ ಹೊದಿಕೆ ಬಿರುಕು ಬಿಟ್ಟಿತ್ತು. ಒಳಗಿನ ಎಳೆಗಳಲ್ಲಿ ಒಂದೆರಡು ಮಾತ್ರ ತಾಗಿಕೊಂಡಿದ್ದವು, ಅವೂ ಹಸಿರು ಕಿಲುಬು ಹಿಡಿದಿದ್ದವು. ಇಪ್ಪತ್ತು ವರ್ಷ ಬಾಗಿಲು ತೆಗೆದಾಗಲೆಲ್ಲ ಆ ವೈರು ಅಲ್ಲೇ ಮಡಿಚಿದೆ. ಗ್ಲಾಸು ತಿಂಗಳಿಂದ ನಿಧಾನವಾಗಿತ್ತು, ಬಾಗಿಲು ಜೋರಾಗಿ ಹಾಕಿದರೆ ಒಮ್ಮೊಮ್ಮೆ ಸರಿಯಾಗುತ್ತಿತ್ತು. ಸುಳಿವು ಎದುರಿಗೇ ಇತ್ತು, ನಾನು ನೋಡಲಿಲ್ಲ.

ಬಲ್ಬ್ ನನಗೆ ಸುಳ್ಳು ಹೇಳಿದ್ದು ಹೇಗೆ? ಲೆಕ್ಕ ಮಾಡೋಣ. ಆ ಹರಿದ ಜಾಗದ ರೋಧ ೧ ಓಮ್ ಎಂದಿಟ್ಟುಕೊಳ್ಳಿ. ೫ ವ್ಯಾಟಿನ ಬಲ್ಬ್ ೧೨ ವೋಲ್ಟಿನಲ್ಲಿ ಎಳೆಯುವುದು ಸುಮಾರು ೦.೪ ಆಂಪಿಯರ್. ಓಮನ ನಿಯಮದಂತೆ ಹರಿದ ಜಾಗದಲ್ಲಿ ನಷ್ಟ ೦.೪ ವೋಲ್ಟ್. ಬಲ್ಬಿಗೆ ೧೧.೬ ವೋಲ್ಟ್ ಉಳಿಯಿತು, ಚೆನ್ನಾಗಿ ಉರಿಯಿತು. ಮೋಟರು ಹೊರಡಲು ನೋಡುವಾಗ ಏಳು ಆಂಪಿಯರ್ ಎಳೆದರೂ ೭ ವೋಲ್ಟ್ ಅಲ್ಲೇ ಕಳೆದುಹೋಯಿತು. ಉಳಿದ ೫ ವೋಲ್ಟಿನಲ್ಲಿ ಅದು ಗ್ಲಾಸನ್ನು ಎತ್ತಲಾರದು. ಈ ಲೆಕ್ಕವನ್ನು ನಾನು ಶಿವಮೊಗ್ಗದ ಬಸ್ಸಿಗೆ ಮುಂಚೆ ಮಾಡಬೇಕಿತ್ತು.

ಬ್ಯಾಟರಿಯ ನೆಗೆಟಿವ್ ಕಳಚಿ ರಿಪೇರಿ ಮಾಡಿದೆವು. ಹರಿದಲ್ಲೇ ಬೆಸುಗೆ ಹಾಕಬಾರದು ಎಂದು ಸಾಹೇಬರು ಹೇಳಿದ್ದರು. ಬೆಸುಗೆ ಹಾಕಿದ ಜಾಗ ಗಡುಸಾಗುತ್ತದೆ, ಮಡಿಚಿದರೆ ಅದರ ಅಂಚಿನಲ್ಲಿ ಮತ್ತೆ ಮುರಿಯುತ್ತದೆ. ಅದಕ್ಕೆ ಅಷ್ಟೇ ದಪ್ಪದ, ಬಹಳ ಎಳೆಗಳ ಹೊಸ ವೈರಿನ ತುಂಡನ್ನು ಕೊಳವೆಯಲ್ಲಿ ಪೂರ್ತಿ ತೂರಿಸಿ, ಒಂದು ಬೆಸುಗೆ ಬಾಗಿಲಿನ ಒಳಗೆ, ಇನ್ನೊಂದು ಡ್ಯಾಶ್‌ಬೋರ್ಡಿನ ಕೆಳಗೆ ಬರುವಂತೆ ಹಾಕಿದೆವು. ವೈರನ್ನು ಬಿಗಿಯಾಗಿ ಎಳೆಯದೆ ಸ್ವಲ್ಪ ಸಡಿಲ ಬಿಟ್ಟೆವು.

ಬಾಗಿಲಿನೊಳಗೆ ಕೈ ಹಾಕುವವರು ಗ್ಲಾಸನ್ನು ಅಗಲ ಟೇಪಿನಿಂದ ಮೇಲಕ್ಕೆ ಕಟ್ಟಿಕೊಳ್ಳಬೇಕು, ಮಷಿನ್ ನಡುವೆ ಬೆರಳಿಟ್ಟಾಗ ಯಾರೂ ಸ್ವಿಚ್ ಮುಟ್ಟಬಾರದು. ಮಳೆನೀರು ಬಾಗಿಲೊಳಗೆ ಇಳಿಯುವುದು ಸಹಜ. ಹೊರಗೆ ಹೋಗಲು ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿವೆ. ನಮ್ಮ ಕಾರಿನಲ್ಲಿ ಅವು ಕೆಸರು ತುಂಬಿ ಮುಚ್ಚಿದ್ದವು, ಕಡ್ಡಿ ಹಾಕಿ ಬಿಡಿಸಿದೆ. ತೆಗೆದ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಅಂಟಿಸಲೇಬೇಕು, ಇಲ್ಲದಿದ್ದರೆ ನೀರು ಪ್ಯಾಡಿಗೆ ಬರುತ್ತದೆ.

ಗ್ಲಾಸು ಈಗ ಸರಾಗವಾಗಿ ಓಡುತ್ತಿದೆ. ನಾವು ಬಿಚ್ಚಿದ ಹಳೆಯ ಮೋಟರಿಗೆ ಏನೂ ಆಗಿರಲಿಲ್ಲ. ಚಿಕ್ಕಪ್ಪನ ಒಪ್ಪಿಗೆ ಪಡೆದು ಅದನ್ನು ಶಾಲೆಗೆ ತಂದಿದ್ದೇನೆ, ವಿಜ್ಞಾನದ ಬೀರುವಿನ ಕೆಳಗಿನ ಅರೆಯಲ್ಲಿದೆ. ಟಾರ್ಚಿನ ಸೆಲ್ಲಿಗೆ ಅದು ತಿರುಗುವುದಿಲ್ಲ, ಬೈಕಿನ ೧೨ ವೋಲ್ಟಿನ ಬ್ಯಾಟರಿ ಬೇಕು. ಸರ್ ಅವರನ್ನು ಕೇಳಿ, ವೈರು ಅದಲು ಬದಲು ಮಾಡಿ ಎರಡೂ ದಿಕ್ಕಿಗೆ ತಿರುಗಿಸಿ ನೋಡಿ.