ಹಳೆಯ ಕೈಗಡಿಯಾರಗಳ ಹೊಳೆಯುವ ಬಣ್ಣ: ವರ್ತಕರು ಅರಿಯಬೇಕಾದ ವಿಷಯ

ಹಳೆಯ ಕೈಗಡಿಯಾರಗಳ ಕ್ರಯವಿಕ್ರಯ ಹಾಗೂ ದುರಸ್ತಿಯಲ್ಲಿ ತೊಡಗಿರುವ ವರ್ತಕ ಬಾಂಧವರಲ್ಲಿ ಒಂದು ತಪ್ಪು ಗ್ರಹಿಕೆಯುಂಟು. ಕತ್ತಲೆಯಲ್ಲಿ ಅಂಕಿಗಳು ಹೊಳೆಯದಿದ್ದರೆ ಬಣ್ಣದ ಶಕ್ತಿ ಮುಗಿಯಿತೆಂದೂ, ಅದನ್ನು ಕೆರೆದು ಹೊಸದನ್ನು ಬಳಿಯಲು ಅಡ್ಡಿಯಿಲ್ಲವೆಂದೂ ಭಾವಿಸಲಾಗುತ್ತದೆ. ಇದು ಅಪಾಯಕಾರಿ.

1960ರ ದಶಕಕ್ಕೆ ಮುಂಚಿನ ಹೊಳೆಯುವ ಫಲಕಗಳಲ್ಲಿ ಬಹುಪಾಲು ರೇಡಿಯಂ ಲವಣವನ್ನು ಸತುವಿನ ಸಲ್ಫೈಡಿನೊಡನೆ ಬೆರೆಸಿ ಬಳಿದವು. ಬೆಳಕು ಸೂಸುವುದು ಸಲ್ಫೈಡ್. ಅದನ್ನು ಪ್ರಚೋದಿಸುವುದು ರೇಡಿಯಂ. ಆಲ್ಫಾ ಕಣಗಳ ನಿರಂತರ ಹೊಡೆತಕ್ಕೆ ಸಲ್ಫೈಡಿನ ಹರಳುಗಳು ಕೆಲವೇ ವರ್ಷಗಳಲ್ಲಿ ಜೀರ್ಣಿಸುತ್ತವೆ; ಬಣ್ಣ ಕಂದಾಗಿ ಬಿರಿಯುತ್ತದೆ. ರೇಡಿಯಂ-226ರ ಅರ್ಧಾಯುಷ್ಯವಾದರೋ ಸುಮಾರು 1,600 ವರ್ಷ! ಬತ್ತಿ ಸುಟ್ಟಿದೆಯೇ ಹೊರತು ಎಣ್ಣೆ ತೀರಿಲ್ಲ. ಕೆರೆದ ಪುಡಿ ದೇಹವನ್ನು ಸೇರಿದರೆ ಮೂಳೆಯಲ್ಲಿ ನೆಲೆಸುತ್ತದೆ. 1920ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ, ಕುಂಚದ ತುದಿಯನ್ನು ತುಟಿಯಿಂದ ಚೂಪುಗೊಳಿಸುತ್ತಿದ್ದ ಅನೇಕ ಕಾರ್ಮಿಕ ಮಹಿಳೆಯರ ದವಡೆಗಳೇ ಕೊಳೆತುಹೋದವು.

ಅನಂತರ ಬಂದ ಟ್ರಿಟಿಯಂನ ಸಂಗತಿ ಬೇರೆ. ಅದರ ಅರ್ಧಾಯುಷ್ಯ 12.3 ವರ್ಷ, 25 ವರ್ಷಗಳಲ್ಲಿ ಕಾಲು ಭಾಗವಷ್ಟೇ ಉಳಿಯುತ್ತದೆ. ಫಲಕದ ಕೆಳತುದಿಯಲ್ಲಿ ‘ಟಿ ಸ್ವಿಸ್ ಮೇಡ್ ಟಿ’ ಎಂದಿರುವುದು ಇದರ ಗುರುತು. 1990ರ ದಶಕದಿಂದ ಬಳಕೆಗೆ ಬಂದ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ವಿಕಿರಣರಹಿತ. ಬೆಳಕನ್ನು ಹೀರಿ ಗಂಟೆಗಟ್ಟಲೆ ಹೊಳೆಯುತ್ತದೆ. ಆದುದರಿಂದ 1950ರ ಗಡಿಯಾರವೆಂದು ಹೇಳಿ ತಂದದ್ದು ದೀಪಕ್ಕೆ ಹಿಡಿದ ಮೇಲೆ ಹಾಗೆ ಹೊಳೆದರೆ, ಬಣ್ಣ ಹೊಸದೆಂದು ತಿಳಿದೇ ಬೆಲೆ ಕಟ್ಟತಕ್ಕದ್ದು. ಹೊಳೆಯದ ಕಂದು ಅಂಕಿಗಳಿದ್ದರೆ, ಗೈಗರ್ ಮಾಪಕದಿಂದ ಪರೀಕ್ಷಿಸುವವರೆಗೆ ಗಾಜನ್ನು ತೆರೆಯಬಾರದು.